ಎಂಪಾಕ್ಸ್: ಮಂಗನ ಕಾಯಿಲೆಯಲ್ಲ, ಸಿಡುಬಿನ ಬಳಗದ ಸೋಂಕು

ಬೆಂಗಳೂರು: ದುಬೈನಿಂದ 2025ರ ಜನವರಿಯಲ್ಲಿ ಮಂಗಳೂರಿಗೆ ಬಂದಿಳಿದ ಉಡುಪಿ ಜಿಲ್ಲೆಯ ವ್ಯಕ್ತಿಯೊಬ್ಬರಿಗೆ ಎಂಪಾಕ್ಸ್ ಸೋಂಕು ತಗುಲಿರುವುದನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ದೃಢಪಡಿಸಿತು. ವಿದೇಶದ ಸುದ್ದಿಯಾಗಿ ಓದುತ್ತಿದ್ದ ರೋಗ ರಾಜ್ಯದ ಬಾಗಿಲಿಗೂ ಬಂದಂತಾಯಿತು. ಈ ರೋಗದ ಹಳೆಯ ಹೆಸರು ಮಂಕಿಪಾಕ್ಸ್. ಆ ಹೆಸರು ಕೇಳಿದೊಡನೆ ಮಲೆನಾಡು ಹಾಗೂ ಕರಾವಳಿಯ ಜನರಿಗೆ ನೆನಪಾಗುವುದು ಮಂಗನ ಕಾಯಿಲೆ. ಆದರೆ ಈ ಎರಡು ರೋಗಗಳಿಗೆ ಹೆಸರಿನ ಹೊರತು ಬೇರಾವ ನಂಟೂ ಇಲ್ಲ.

ಎರಡರ ನಡುವಿನ ವ್ಯತ್ಯಾಸ

ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ಅದು ಹರಡುವುದು ಉಣುಗಿನ ಕಡಿತದಿಂದ. ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಎಂಪಾಕ್ಸ್ ವೈರಾಣುವಾದರೋ ಸಿಡುಬಿನ ವೈರಾಣುವಿನ ಹತ್ತಿರದ ಸಂಬಂಧಿ. ಸೋಂಕಿತರ ನಿಕಟ ಸಂಪರ್ಕವೇ ಅದರ ಮುಖ್ಯ ಹಾದಿ. ಆದ್ದರಿಂದ ಒಂದಕ್ಕೆ ಹೇಳಿದ ಮುಂಜಾಗ್ರತೆ ಮತ್ತೊಂದಕ್ಕೆ ಉಪಯೋಗಕ್ಕೆ ಬಾರದು.

ಡೆನ್ಮಾರ್ಕಿನ ಪ್ರಯೋಗಾಲಯವೊಂದರ ಕೋತಿಗಳಲ್ಲಿ 1958ರಲ್ಲಿ ಮೊದಲು ಕಂಡುಬಂದ ಕಾರಣ ಮಂಕಿಪಾಕ್ಸ್ ಎಂಬ ಹೆಸರು ಬಂತು. ವಾಸ್ತವವಾಗಿ ಈ ವೈರಾಣುವಿನ ಸಹಜ ನೆಲೆ ಆಫ್ರಿಕಾದ ಅಳಿಲು, ಇಲಿಗಳಂಥ ಸಣ್ಣ ಪ್ರಾಣಿಗಳಿರಬೇಕೆಂಬುದು ವಿಜ್ಞಾನಿಗಳ ಅಂದಾಜು. ಹೆಸರು ಅಪಾರ್ಥಕ್ಕೆ ಎಡೆಮಾಡಿ, 2022ರಲ್ಲಿ ಬ್ರೆಜಿಲ್‌ನಲ್ಲಿ ಕೋತಿಗಳ ಮೇಲೆ ಹಲ್ಲೆಗಳೂ ನಡೆದವು. ಅದೇ ವರ್ಷದ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರೋಗಕ್ಕೆ ಎಂಪಾಕ್ಸ್ ಎಂದು ಮರುನಾಮಕರಣ ಮಾಡಿತು.

ಹರಡಿದ ಬಗೆ

ಮನುಷ್ಯರಲ್ಲಿ ಈ ಸೋಂಕು ಮೊದಲು ದಾಖಲಾದದ್ದು 1970ರಲ್ಲಿ, ಇಂದಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಒಂದು ಹಸುಗೂಸಿನಲ್ಲಿ. ವೈರಾಣುವಿನಲ್ಲಿ ಕ್ಲೇಡ್ 1 ಮತ್ತು ಕ್ಲೇಡ್ 2 ಎಂಬ ಎರಡು ಪ್ರಭೇದಗಳಿವೆ. 2022ರಲ್ಲಿ ಅನೇಕ ದೇಶಗಳಿಗೆ ಹಬ್ಬಿದ್ದು ಎರಡನೆಯದು. ಆಗ ಜುಲೈನಲ್ಲಿ ಕೇರಳದಲ್ಲಿ ಭಾರತದ ಮೊದಲ ಪ್ರಕರಣ ವರದಿಯಾಯಿತು. ಬಳಿಕ ಕಾಂಗೋ ಮತ್ತು ನೆರೆಯ ದೇಶಗಳಲ್ಲಿ ಕ್ಲೇಡ್ 1ಬಿ ಎಂಬ ಹೊಸ ಉಪತಳಿ ಹಬ್ಬಿತು. 2024ರ ಆಗಸ್ಟ್ 14ರಂದು ವಿಶ್ವ ಆರೋಗ್ಯ ಸಂಸ್ಥೆ ಎರಡನೆಯ ಬಾರಿಗೆ ಜಾಗತಿಕ ತುರ್ತುಸ್ಥಿತಿ ಘೋಷಿಸಿತು. ಮರುತಿಂಗಳೇ ಕೇರಳದ ಮಲಪ್ಪುರಂನಲ್ಲಿ ಈ ಉಪತಳಿ ಕಂಡುಬಂತು. ತುರ್ತುಸ್ಥಿತಿ 2025ರ ಸೆಪ್ಟೆಂಬರ್ 5ರಂದು ಮುಕ್ತಾಯಗೊಂಡಿತು. ಅದರ ಅರ್ಥ ರೋಗ ಅಳಿಯಿತೆಂದಲ್ಲ.

ಅಂಟುವುದು ಹೇಗೆ?

* ಸೋಂಕಿತರ ಗುಳ್ಳೆ, ಹುಣ್ಣು, ಹಕ್ಕಳೆಗಳಿಗೆ ಚರ್ಮ ತಾಗುವುದರಿಂದ. ಲೈಂಗಿಕ ಸಂಪರ್ಕ, ಚುಂಬನದಿಂದ.
* ಎದುರುಬದುರಾಗಿ ಬಹಳ ಹೊತ್ತು ಸಮೀಪದಲ್ಲಿ ಇರುವುದರಿಂದ.
* ಸೋಂಕಿತರು ಬಳಸಿದ ಹಾಸಿಗೆ, ಟವೆಲ್, ಬಟ್ಟೆ, ಸೂಜಿಗಳಿಂದ.
* ಗರ್ಭಿಣಿಯಿಂದ ಶಿಶುವಿಗೆ. ಸೋಂಕಿತ ಪ್ರಾಣಿಯ ಕಡಿತ, ಪರಚು ಗಾಯದಿಂದ.

2022ರಲ್ಲಿ ಸೋಂಕಿತರಾದವರಲ್ಲಿ ಪುರುಷರೊಡನೆ ಲೈಂಗಿಕ ಸಂಪರ್ಕವಿದ್ದ ಪುರುಷರೇ ಹೆಚ್ಚಿನವರು. ಆದರೆ ಇದು ಯಾವುದೇ ಒಂದು ಗುಂಪಿಗೆ ಸೀಮಿತವಾದ ರೋಗವಲ್ಲ. ಕಾಂಗೋದಲ್ಲಿ ಮಕ್ಕಳೂ ಬಹುಸಂಖ್ಯೆಯಲ್ಲಿ ಬಳಲಿದ್ದಾರೆ.

ಲಕ್ಷಣಗಳು

ಸೋಂಕು ತಗುಲಿದ 1ರಿಂದ 21 ದಿನಗಳೊಳಗೆ ಲಕ್ಷಣ ತೋರುತ್ತದೆ. ಜ್ವರ, ತಲೆನೋವು, ಮೈಕೈ ಮತ್ತು ಬೆನ್ನುನೋವು, ಗಂಟಲುನೋವು, ನಿಶ್ಶಕ್ತಿ ಕಾಡುತ್ತವೆ. ಕತ್ತು, ಕಂಕುಳು, ತೊಡೆಸಂದಿಯ ಗ್ರಂಥಿಗಳು ಊದಿಕೊಳ್ಳುತ್ತವೆ. ಸೀತಾಳೆ ಸಿಡುಬಿನಲ್ಲಿ ಈ ಊತ ಅಷ್ಟಾಗಿ ಕಾಣದು. ಚರ್ಮದಲ್ಲಿ ಏಳುವ ಕಲೆಗಳು ಗುಳ್ಳೆಗಳಾಗಿ, ಕೀವು ತುಂಬಿ, ಕೊನೆಗೆ ಹಕ್ಕಳೆಗಟ್ಟುತ್ತವೆ. ಮುಖ, ಅಂಗೈ, ಅಂಗಾಲು, ಬಾಯಿ, ಜನನಾಂಗ, ಗುದದ್ವಾರ ಎಲ್ಲಿಯೂ ಏಳಬಹುದು. ಕೆಲವರಲ್ಲಿ ಒಂದೆರಡು ಗುಳ್ಳೆಗಳಷ್ಟೇ ಇರುತ್ತವೆ.

ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ ಗುಣವಾಗುತ್ತದೆ. ಎಲ್ಲ ಹಕ್ಕಳೆಗಳೂ ಉದುರಿ ಹೊಸ ಚರ್ಮ ಬರುವವರೆಗೆ ರೋಗಿಯಿಂದ ಇತರರಿಗೆ ಸೋಂಕು ಅಂಟಬಲ್ಲದು. ಎಳೆಯ ಮಕ್ಕಳು, ಗರ್ಭಿಣಿಯರು ಮತ್ತು ಚಿಕಿತ್ಸೆ ಪಡೆಯದ ಎಚ್‌ಐವಿ ಸೋಂಕಿತರಂತೆ ರೋಗನಿರೋಧಕ ಶಕ್ತಿ ಕುಂದಿದವರಿಗೆ ಅಪಾಯ ಹೆಚ್ಚು.

ಮುಚ್ಚಿಡುವುದೇ ಅಪಾಯ

ಮೈಮೇಲೆ ಗುಳ್ಳೆ ಎದ್ದರೆ 'ಅಮ್ಮ' ಆಗಿದೆಯೆಂದು ಬೇವಿನಸೊಪ್ಪು ಹಾಸಿ ಮನೆಯಲ್ಲೇ ಮಲಗಿಸುವ ರೂಢಿ ನಮ್ಮಲ್ಲಿದೆ. ಗುಪ್ತಾಂಗದಲ್ಲಿ ಹುಣ್ಣಾದರಂತೂ ನಾಚಿಕೆಯಿಂದ ಹೇಳಿಕೊಳ್ಳದವರೇ ಹೆಚ್ಚು. ಗುಳ್ಳೆಯನ್ನು ನೋಡಿದ ಮಾತ್ರಕ್ಕೆ ಎಂಪಾಕ್ಸ್ ಎಂದು ನಿರ್ಧರಿಸಲಾಗದು. ಗುಳ್ಳೆಯ ದ್ರವ ಅಥವಾ ಹಕ್ಕಳೆಯ ಪಿಸಿಆರ್ ಪರೀಕ್ಷೆಯೇ ಆಗಬೇಕು. ವೈದ್ಯರಿಗೆ ಪ್ರಯಾಣ ಹಾಗೂ ಸಂಪರ್ಕದ ವಿವರವನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕು.

ರೋಗಕ್ಕೆ ಖಚಿತ ಔಷಧ ಇನ್ನೂ ಇಲ್ಲ. ಟೆಕೊವಿರಿಮ್ಯಾಟ್ ಎಂಬ ಔಷಧವನ್ನು ಕಾಂಗೋದಲ್ಲಿ ಪರೀಕ್ಷಿಸಿದಾಗ ಗುಳ್ಳೆಗಳು ಬೇಗ ಮಾಯಲಿಲ್ಲ. ಆದರೆ ಆ ಪರೀಕ್ಷೆಗಾಗಿ ಆಸ್ಪತ್ರೆಯಲ್ಲಿದ್ದವರಲ್ಲಿ, ಔಷಧ ಪಡೆಯದವರನ್ನೂ ಸೇರಿಸಿ, ಮರಣ ಪ್ರಮಾಣ ಶೇ 1.7ರಷ್ಟಿತ್ತು. ದೇಶದ ಒಟ್ಟಾರೆ ಪ್ರಮಾಣ ಶೇ 3.6 ಅಥವಾ ಅದಕ್ಕೂ ಹೆಚ್ಚಾಗಿತ್ತು. ಸಕಾಲದ ಆರೈಕೆ ಜೀವ ಉಳಿಸುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಲಸಿಕೆ ಯಾರಿಗೆ?

ಡೆನ್ಮಾರ್ಕಿನ ಬವೇರಿಯನ್ ನಾರ್ಡಿಕ್ ಕಂಪನಿಯ ಎಂವಿಎ-ಬಿಎನ್ ಲಸಿಕೆಗೆ 2024ರ ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪೂರ್ವಾರ್ಹತೆಯ ಮನ್ನಣೆ ನೀಡಿತು. 4 ವಾರಗಳ ಅಂತರದಲ್ಲಿ 2 ಡೋಸ್ ನೀಡಲಾಗುತ್ತದೆ. ಸೋಂಕಿತರ ಸಂಪರ್ಕಕ್ಕೆ ಬಂದವರಿಗೆ 4 ದಿನಗಳೊಳಗೆ ನೀಡುವುದು ಉತ್ತಮ. ಲಕ್ಷಣಗಳಿಲ್ಲದಿದ್ದರೆ 14 ದಿನಗಳವರೆಗೂ ನೀಡಬಹುದು. ಸಾರ್ವತ್ರಿಕ ಲಸಿಕೆ ಅಭಿಯಾನವನ್ನು ಸಂಸ್ಥೆ ಶಿಫಾರಸು ಮಾಡಿಲ್ಲ. ಸೋಂಕಿತರ ನಿಕಟವರ್ತಿಗಳು, ಅಪಾಯದಂಚಿನ ಆರೋಗ್ಯ ಸಿಬ್ಬಂದಿ ಮೊದಲಾದವರಿಗಷ್ಟೇ ಇದು ಅಗತ್ಯ.

ಹಿಂದೆ ಸಿಡುಬಿನ ದಾಕು ಹಾಕಿಸಿಕೊಂಡ ಹಿರಿಯರಿಗೆ ತಕ್ಕಮಟ್ಟಿನ ರಕ್ಷಣೆ ಇರಬಹುದು. ಸಿಡುಬು ನಿರ್ಮೂಲವಾಯಿತೆಂದು 1980ರಲ್ಲಿ ಘೋಷಣೆಯಾಗಿ, ಆ ಲಸಿಕೆಯೂ ನಿಂತಿತು. ನಂತರ ಹುಟ್ಟಿದವರ ತೋಳಿನ ಮೇಲಿರುವ ಕಲೆ ಕ್ಷಯ ತಡೆಯುವ ಬಿಸಿಜಿ ಲಸಿಕೆಯದು. ಅದನ್ನು ನೋಡಿ ನಿಶ್ಚಿಂತರಾಗುವಂತಿಲ್ಲ.

ಶಂಕೆ ಬಂದರೆ

* ಪ್ರತ್ಯೇಕ ಕೋಣೆಯಲ್ಲಿದ್ದು ಗುಳ್ಳೆಗಳನ್ನು ಮುಚ್ಚಿಕೊಳ್ಳಿ, ಕೆರೆಯಬೇಡಿ.
* ಮಾಸ್ಕ್ ಧರಿಸಿ ಸರ್ಕಾರಿ ಆಸ್ಪತ್ರೆಗೆ ತೆರಳಿ.
* ಬಟ್ಟೆ, ಪಾತ್ರೆ, ಟವೆಲ್ ಹಂಚಿಕೊಳ್ಳಬೇಡಿ. ಸೋಪಿನಿಂದ ಕೈ ತೊಳೆಯಿರಿ.
* ಗುಣವಾದ ಮೇಲೂ 12 ವಾರ ಕಾಂಡೋಮ್ ಬಳಸಿ.