ಬೇಗೆ

‘ಬೇ’ ಎಂಬ ಪುಟ್ಟ ಧಾತುವಿನಿಂದ ಬೇಯು, ಬೇಗೆ, ಬೇಸಗೆ ಎಲ್ಲವೂ ಹುಟ್ಟಿವೆ. ತಮಿಳಿನಲ್ಲಿ ಅದು ‘ವೇ’. ಬಿಸಿಲಿನ ಬೇಗೆ, ಒಡಲ ಬೇಗೆ ಎನ್ನುವಾಗ ಹೊರಗಿನ ಕಾವು ಒಳಗಿಳಿದ ಸಂಕಟವೂ ಮಾತಿನಲ್ಲಿ ಸೇರುತ್ತದೆ. ಬರಿಯ ‘ತಾಪ’ಕ್ಕೆ ಆ ಬಲವಿಲ್ಲ.

ಕೊಟ್ಟಿಗೆಯಲ್ಲಿ ನಾಲಿಗೆ ಚಾಚಿ ಏದುಸಿರು ಬಿಡುವ ಹಸುವಿಗೆ ‘ಬೇಗೆ’ ಅಕ್ಷರಶಃ ಒಪ್ಪುವ ಪದ. ಹಸುವಿನ ಮೈಶಾಖ ಸುಮಾರು 38.5 ಡಿಗ್ರಿ ಸೆಲ್ಸಿಯಸ್. ಅದು ಕೆಲವೇ ಡಿಗ್ರಿ ಏರಿದರೂ ಜೀವಕೋಶದೊಳಗಿನ ನಾಜೂಕು ಪ್ರೋಟೀನುಗಳ ಮಡಿಕೆ ಬಿಚ್ಚಿ, ಅವು ಒಂದಕ್ಕೊಂದು ಅಂಟತೊಡಗುತ್ತವೆ. ಮೊಟ್ಟೆಯ ಬಿಳಿಭಾಗ ಬೇಯುವುದೂ ಇದೇ ಬಗೆಯಲ್ಲಿ! ಆಗ ಕೋಶವು ತನ್ನ ಎಷ್ಟೋ ಕೆಲಸ ನಿಲ್ಲಿಸಿ, ಬಿಚ್ಚಿದ್ದನ್ನು ಮತ್ತೆ ಮಡಿಸುವ ಕಾವಲು ಪ್ರೋಟೀನುಗಳನ್ನು ತಯಾರಿಸುತ್ತದೆ. ‘ಎಚ್‌ಎಸ್‌ಪಿ70’ ಅವುಗಳಲ್ಲಿ ಮುಖ್ಯವಾದುದು. ಇಟಲಿಯ ಫೆರುಚ್ಚಿಯೊ ರಿಟೋಸಾ 1962ರಲ್ಲಿ ಹಣ್ಣುನೊಣದ ವರ್ಣತಂತುಗಳಲ್ಲಿ ಈ ಪ್ರತಿಕ್ರಿಯೆಯ ಮೊದಲ ಗುರುತನ್ನು ವರದಿ ಮಾಡಿದರು.

ಪಠ್ಯಗಳು ಇಂಥ ಕಾವಲು ಪ್ರೋಟೀನನ್ನು ‘ಶಾಖ ಆಘಾತ ಪ್ರೋಟೀನ್’ ಎನ್ನುತ್ತವೆ. ನನಗೆ ‘ಬೇಗೆಕಾವಲು’ ಹೆಚ್ಚು ಇಷ್ಟ. ಹಾಲು ಕರೆಯುವವರಿಗೂ ಅದು ಕೇಳಿದೊಡನೆ ತಿಳಿಯುತ್ತದೆ.