ಸನ್ನಡತೆ ಎಂಬ ಪದದ ಚರಿತ್ರೆ

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಪೆರೋಲ್ ಕಾನೂನಿಗೆ ಏನು ಕೆಲಸ ಅಂತ ಕೆಲವರು ಕೇಳಬಹುದು. ಕತೆ, ಕಾವ್ಯಗಳಲ್ಲಿ ಜಾತಿಯ ಹುನ್ನಾರಗಳನ್ನು ಹುಡುಕುವ ನಾವು ಜೈಲಿನ ನಿಯಮಗಳನ್ನು ಮಾತ್ರ ವಕೀಲರಿಗೆ ಬಿಟ್ಟುಕೊಟ್ಟು ಕೂತಿದ್ದೇವೆ. ಅವೂ ಪಠ್ಯಗಳೇ. ಅವುಗಳ ನಡುವೆ ಮತ್ತೆ ಮತ್ತೆ ಬರುವ ಪದ ‘ಸನ್ನಡತೆ’. ಯಾರ ನಡತೆ ಯಾರ ಕಣ್ಣಿಗೆ ಒಳ್ಳೆಯದಾಗಿ ಕಂಡಿತು ಎಂದು ಕೇಳಿದರೆ ನೂರೈವತ್ತು ವರ್ಷಗಳ ಚರಿತ್ರೆ ಬಿಚ್ಚಿಕೊಳ್ಳುತ್ತದೆ.

1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟು ಕಳ್ಳರೆಂದು ದಾಖಲಿಸಿತು. 1911ರ ಕಾಯ್ದೆಯ ನಂತರ ಅದು ನಮ್ಮ ಕಡೆಗೂ ಬಂತು. ಹುಬ್ಬಳ್ಳಿ, ಗದಗಗಳಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರು ಇವತ್ತಿಗೂ ಜನರ ಬಾಯಲ್ಲಿದೆ. ಗಂಟಿಚೋರರು, ಕೊರವರು ಮುಂತಾದವರನ್ನು ಅಲ್ಲಿ ಕೂಡಿಹಾಕಿ ಹಾಜರಿ ತೆಗೆದುಕೊಳ್ಳುತ್ತಿದ್ದರು. ಹೊರಗೆ ಹೋಗಬೇಕಾದರೆ ಪಾಸ್ ಬೇಕು. ಅಧಿಕಾರಿ ನಂಬಿದರೆ ಪಾಸ್, ಇಲ್ಲದಿದ್ದರೆ ಇಲ್ಲ. ಪೆರೋಲಿನ ತರ್ಕವೂ ಇದೇ. ಒಂದೇ ವ್ಯತ್ಯಾಸ: ಪೆರೋಲ್ ಕೇಳುವವನಿಗೆ ಕೋರ್ಟು ಶಿಕ್ಷೆ ಕೊಟ್ಟಿರುತ್ತದೆ, ಪಾಸ್ ಕೇಳುತ್ತಿದ್ದವನು ಯಾವ ತಪ್ಪನ್ನೂ ಮಾಡಬೇಕಾಗಿರಲಿಲ್ಲ.

1952ರಲ್ಲಿ ಆ ಕಾಯ್ದೆ ರದ್ದಾಯಿತು. ಅದರ ಜಾಗದಲ್ಲಿ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ತಂದವು. ನಮ್ಮಲ್ಲಿ ಬಂದದ್ದು 1961ರಲ್ಲಿ. ಜಾತಿಯ ಹೆಸರು ಹೋಗಿ ‘ರೂಢಿ’ ಬಂತು. ಇನ್ನು ಜೈಲು ರಾಜ್ಯಪಟ್ಟಿಯ ವಿಷಯ. ಪೆರೋಲ್, ಫರ್ಲೋ ಯಾರಿಗೆ ಎನ್ನುವುದನ್ನು ಆಯಾ ರಾಜ್ಯದ ನಿಯಮಗಳೇ ಹೇಳುತ್ತವೆ. ಮುಂಬೈ ರಾಜ್ಯದ 1959ರ ನಿಯಮಗಳು ರೂಢಿಗತ ಕೈದಿಗೆ ಫರ್ಲೋ ಇಲ್ಲ ಎಂದವು. ಮಧ್ಯಪ್ರದೇಶದ ಜೈಲು ನಿಯಮಗಳು ವಿಮುಕ್ತ ಬುಡಕಟ್ಟಿನವರನ್ನು ರೂಢಿಗತ ಅಪರಾಧಿಗಳೆಂದು ಪರಿಗಣಿಸಲು ಸರ್ಕಾರಕ್ಕೆ ಅವಕಾಶ ಕೊಟ್ಟವು. ಅಲೆಮಾರಿಗಳಿಗೆ ಓಡಿಹೋಗುವ ಗುಣ ಹುಟ್ಟಿನಿಂದಲೇ ಬಲವಾಗಿರುತ್ತದೆ, ಅಂಥವರನ್ನು ರಾತ್ರಿ ಕಾವಲಿಗೆ ಹಾಕಬೇಡಿ ಎಂದದ್ದು ಪಶ್ಚಿಮ ಬಂಗಾಳದ ನಿಯಮ. 1871 ಎಲ್ಲಿಗೂ ಹೋಗಿರಲಿಲ್ಲ, ಜೈಲಿನ ಮ್ಯಾನ್ಯುಯಲ್ಲುಗಳಲ್ಲಿ ತಣ್ಣಗೆ ಕೂತಿತ್ತು.

ರೂಢಿಗತ ಎಂಬ ಹಣೆಪಟ್ಟಿ ಇಲ್ಲದ ನಮ್ಮವರ ಪಾಡೂ ಸುಲಭದ್ದಲ್ಲ. ಪೆರೋಲ್ ಅರ್ಜಿಗೆ ಜಾಮೀನುದಾರ ಬೇಕು. ಕೈದಿ ಬಂದರೆ ಊರಿನ ಶಾಂತಿ ಕೆಡುತ್ತದೋ ಎಂದು ಪೊಲೀಸರು ವರದಿ ಕೊಡಬೇಕು. ಊರು ಅಂದರೆ ಯಾರು? ಕೇರಿಯನ್ನು ಕೇಳಿ ಬರೆಯುತ್ತಾರೆಯೇ? ತುಂಡು ಭೂಮಿ ಇಲ್ಲದವನಿಗೆ ಯಾರು ಜಾಮೀನು ನಿಲ್ಲುತ್ತಾರೆ? 2011ರ ಜನಗಣತಿಯಂತೆ ದೇಶದಲ್ಲಿ ಪರಿಶಿಷ್ಟ ಜಾತಿಯವರು ಶೇ. 16.6. ಶಿಕ್ಷೆ ಅನುಭವಿಸುತ್ತಿರುವ ಕೈದಿಗಳಲ್ಲಿ ಅವರ ಪಾಲು ಅದಕ್ಕಿಂತ ಹೆಚ್ಚು.

ಈಗ ಇನ್ನೊಂದು ತುದಿಯನ್ನು ನೋಡೋಣ. ಬಿಲ್ಕಿಸ್ ಬಾನು ಪ್ರಕರಣದ 11 ಜೀವಾವಧಿ ಕೈದಿಗಳನ್ನು ಗುಜರಾತ್ ಸರ್ಕಾರ 2022ರ ಆಗಸ್ಟ್ 15ರಂದು ಬಿಡುಗಡೆ ಮಾಡಿತು. ಕೊಟ್ಟ ಕಾರಣಗಳಲ್ಲಿ ಒಂದು ಸನ್ನಡತೆ. ಶಿಫಾರಸು ಮಾಡಿದ ಸಮಿತಿಯಲ್ಲಿದ್ದ ಶಾಸಕರೊಬ್ಬರು ಅವರು ಬ್ರಾಹ್ಮಣರು, ಸಂಸ್ಕಾರವಂತರು ಎಂಬರ್ಥದ ಮಾತಾಡಿದರು. ಇವರಲ್ಲಿ 10 ಮಂದಿ ಶಿಕ್ಷೆಯ ನಡುವೆಯೇ ಪೆರೋಲ್, ಫರ್ಲೋ, ತಾತ್ಕಾಲಿಕ ಜಾಮೀನುಗಳ ಮೇಲೆ ತಲಾ ಸಾವಿರಕ್ಕೂ ಹೆಚ್ಚು ದಿನ ಹೊರಗಿದ್ದರು. 2024ರ ಜನವರಿ 8ರಂದು ಸುಪ್ರೀಂ ಕೋರ್ಟು ಆ ಬಿಡುಗಡೆಯನ್ನು ರದ್ದು ಮಾಡಿತು, ಅದು ಗುಜರಾತಿನ ಅಧಿಕಾರವೇ ಅಲ್ಲ ಅಂತ. ಆದರೆ ಶಾಸಕರ ಮಾತು ಒಂದು ಸತ್ಯವನ್ನು ಹೊರಗೆ ಹಾಕಿತ್ತು. ಒಬ್ಬನ ಹುಟ್ಟಿನಲ್ಲಿ ಅಪರಾಧ ಕಂಡ ಕಣ್ಣೇ ಇನ್ನೊಬ್ಬನ ಹುಟ್ಟಿನಲ್ಲಿ ಸಂಸ್ಕಾರವನ್ನು ಕಂಡಿತು.

2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜೈಲುಗಳ ಜಾತಿ ನಿಯಮಗಳನ್ನು ಅಸಾಂವಿಧಾನಿಕ ಎಂದಿತು. ಕೈದಿಗಳ ರಿಜಿಸ್ಟರಿನ ಜಾತಿ ಕಾಲಂ ತೆಗೆಯಿರಿ ಎಂದಿತು. ಇದು ದೊಡ್ಡ ಗೆಲುವು. ಆದರೆ ಕಾಲಂ ಅಳಿಸಿದ ಕೂಡಲೇ ವರದಿ ಬರೆಯುವ ಕೈ ಬದಲಾಗುವುದಿಲ್ಲ.

ನಮಗೆ ನಾವೇ ಕೇಳಿಕೊಳ್ಳಬೇಕಾದ ಕಷ್ಟದ ಪ್ರಶ್ನೆಯೂ ಇದೆ. ಒಳಗಿರುವ ನಮ್ಮವನಿಗೆ ಪೆರೋಲ್ ಕೊಡಿ ಅನ್ನುವ ನಾವು, ನಮ್ಮ ಕೇರಿಗೆ ಬೆಂಕಿಯಿಟ್ಟವನಿಗೆ ಪೆರೋಲ್ ಬಂದಾಗ ಏನನ್ನುತ್ತೇವೆ? ಕೊಡಲೇಬೇಡಿ ಅಂದರೆ ನಾವೂ ‘ಹುಟ್ಟು ಅಪರಾಧಿ’ಯ ಭಾಷೆಯನ್ನೇ ಆಡಿದಂತೆ. ಸುಮ್ಮನಿದ್ದರೆ ಸಾಕ್ಷಿ ಹೇಳಿದ ಹೆಂಗಸು ರಾತ್ರಿ ಬಾಗಿಲು ಹಾಕಿಕೊಂಡು ನಡುಗಬೇಕು. ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿ ಸೇರಿಸಿದ 15ಎ ಕಲಮು ಇಲ್ಲಿ ದಾರಿ ತೋರಿಸುತ್ತದೆ: ಜಾಮೀನು, ಬಿಡುಗಡೆ, ಪೆರೋಲ್ ಕುರಿತ ನಡಾವಳಿಗಳಲ್ಲಿ ಸಂತ್ರಸ್ತರ ಮಾತನ್ನು ಕೇಳಬೇಕು. ಆದರೆ ಪೆರೋಲ್ ಹೆಚ್ಚಾಗಿ ತೀರ್ಮಾನವಾಗುವುದು ಕೋರ್ಟಿನಲ್ಲಲ್ಲ, ಠಾಣೆ ಮತ್ತು ಜೈಲಿನ ಕಚೇರಿಗಳಲ್ಲಿ. ಆ ಮೇಜಿನವರೆಗೆ ಈ ಹಕ್ಕನ್ನು ಕೊಂಡೊಯ್ಯುವುದು ನಮ್ಮ ಸಂಘಟನೆಗಳ ಕೆಲಸ. ಜಮೀನಿಲ್ಲದ ಕೈದಿಯ ಪರವಾಗಿ ಜಾಮೀನಿಗೆ ನಿಲ್ಲುವುದೂ ಅವುಗಳದೇ ಕೆಲಸ. ಮುಂದಿನ ಸಲ ಪೊಲೀಸಿನವರು ವರದಿಗೆಂದು ಊರಿಗೆ ಬಂದಾಗ ಕೇರಿಯ ಮಾತೂ ಆ ಹಾಳೆಯಲ್ಲಿ ಇರಬೇಕು.