ಬಾರ್ಲಿಗೆ ಬಾಗಿಲು ಮುಚ್ಚಿದಾಗ ಜೋಳ ಬಂತು

ಬಿಯರ್ ಎಂದರೆ ಬಾರ್ಲಿ ಎಂದೇ ನಮ್ಮಲ್ಲಿ ಹೆಚ್ಚಿನವರ ತಿಳಿವಳಿಕೆ. ಆದರೆ ನಾವು ರೊಟ್ಟಿ ಬಡಿಯುವ ಜೋಳದಿಂದ ದೊಡ್ಡ ದೊಡ್ಡ ಕಂಪನಿಗಳು ಬಿಯರ್ ಮಾಡಬೇಕಾಗಿ ಬಂದ ಕಾಲವೊಂದಿತ್ತು. ದೇಶ ನೈಜೀರಿಯಾ, ವರ್ಷ 1988.

ಅಲ್ಲಿನ ಮೊದಲ ದೊಡ್ಡ ಕಾರ್ಖಾನೆಯಿಂದ ಸ್ಟಾರ್ ಬಿಯರ್ ಹೊರಬಂದದ್ದು 1949ರಲ್ಲಿ, ಲಾಗೋಸ್‌ನಲ್ಲಿ. ಬಾರ್ಲಿಗೆ ತಂಪು ಹವೆ ಬೇಕು. ಹಾಗಾಗಿ ಮಾಲ್ಟ್ ಹಡಗಿನಲ್ಲಿ ಹೊರದೇಶದಿಂದ ಬರುತ್ತಿತ್ತು. ಪೆಟ್ರೋಲಿಯಂ ಮಾರಿದ ಹಣ ಇರುವವರೆಗೆ ಇದು ಯಾರಿಗೂ ಭಾರ ಅನಿಸಲಿಲ್ಲ. ಎಂಬತ್ತರ ದಶಕದಲ್ಲಿ ಕಚ್ಚಾತೈಲದ ಬೆಲೆ ಕುಸಿದು ವಿದೇಶಿ ವಿನಿಮಯ ಬರಿದಾಯಿತು. 1988ರಲ್ಲಿ ಸರ್ಕಾರ ಬಾರ್ಲಿ ಮಾಲ್ಟ್ ಆಮದನ್ನೇ ನಿಷೇಧಿಸಿತು. ಉಳಿದದ್ದು ನೆಲದ ಬೆಳೆಗಳಾದ ಜೋಳ ಮತ್ತು ಮೆಕ್ಕೆಜೋಳ.

ಮಾಲ್ಟ್ ನಮಗೆ ಹೊಸದೇನಲ್ಲ. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಬೀಸಿದರೆ ರಾಗಿ ಮಾಲ್ಟ್. ಮೊಳಕೆಯಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಆ ಸಕ್ಕರೆಯನ್ನು ಯೀಸ್ಟ್ ತಿಂದಾಗ ಬಿಯರ್ ಆಗುತ್ತದೆ.

ಹಾಗೆಂದು ಬಾರ್ಲಿ ಸುರಿಯುವ ಕಡೆ ಜೋಳ ಸುರಿದರೆ ಆಗುವುದಿಲ್ಲ. ಬಾರ್ಲಿಯ ಪಿಷ್ಟ ಸುಮಾರು 60ರಿಂದ 65 ಡಿಗ್ರಿ ಬಿಸಿಯಲ್ಲಿ ಮೆತ್ತಗಾಗುತ್ತದೆ, ಕಿಣ್ವಗಳೂ ಆ ಶಾಖದಲ್ಲಿ ಚುರುಕಾಗಿರುತ್ತವೆ. ಜೋಳದ ಪಿಷ್ಟಕ್ಕೆ 70 ಡಿಗ್ರಿ ದಾಟಬೇಕು. ಅಷ್ಟು ಕಾಯಿಸಿದರೆ ಕಿಣ್ವಗಳು ಸಾಯುತ್ತವೆ. ಮೇಲಾಗಿ ಬಾರ್ಲಿಯ ಹೊಟ್ಟು ಸೋಸುವ ಹಾಸಿಗೆಯಂತೆ ಕೆಲಸ ಮಾಡುತ್ತದೆ. ಜೋಳಕ್ಕೆ ಆ ಹೊಟ್ಟಿಲ್ಲ, ಗಂಜಿ ಇಳಿಯದೆ ಕಟ್ಟಿಕೊಳ್ಳುತ್ತದೆ. ಕಂಪನಿಗಳು ಸೋಸುವ ಯಂತ್ರ ಬದಲಿಸಿದವು, ತಯಾರಾದ ಕಿಣ್ವಗಳನ್ನು ಕೊಂಡು ಬೆರೆಸಿದವು. ಮಾಲ್ಟ್ ಆಮದು ನಿಂತರೂ ಕಿಣ್ವಕ್ಕಾಗಿ ಮತ್ತೆ ಹೊರದೇಶದ ಕಡೆ ನೋಡಬೇಕಾಯಿತು.

ಇದೇ ತೊಡಕನ್ನು ಪಶ್ಚಿಮ ಆಫ್ರಿಕಾದ ಹೆಂಗಸರು ಮನೆಯಂಗಳದಲ್ಲಿ ಎಂದೋ ಬಿಡಿಸಿಕೊಂಡಿದ್ದರು. ನೈಜೀರಿಯಾದ ಬುರುಕುಟು, ಪಿಟೋ, ಪಕ್ಕದ ನಾಡುಗಳ ಡೋಲೋ ಎಲ್ಲವೂ ಜೋಳದ ಮನೆಬಿಯರ್‌ಗಳು. ಮಾಡುವವರು, ಮಾರುವವರು ಹೆಚ್ಚಾಗಿ ಹೆಂಗಸರೇ. ಮೊಳಕೆ ಹಿಟ್ಟನ್ನು ನೀರಿಗೆ ಕಲಸಿ ಬಿಡುತ್ತಾರೆ. ಮೇಲೆ ನಿಂತ ತಿಳಿಯನ್ನು ಬಗ್ಗಿಸಿ ಪಕ್ಕಕ್ಕಿಟ್ಟು, ತಳದ ಗಷ್ಟನ್ನು ಮಾತ್ರ ಕುದಿಸುತ್ತಾರೆ. ಬಿಸಿ ಇಳಿದ ಮೇಲೆ ತಿಳಿಯನ್ನು ಮತ್ತೆ ಸೇರಿಸುತ್ತಾರೆ. ಕಿಣ್ವಗಳು ಇರುವುದು ಆ ತಿಳಿಯಲ್ಲೇ! ಪಿಷ್ಟ ಬೆಂದಿತು, ಕಿಣ್ವವೂ ಉಳಿಯಿತು. ಈ ಕ್ರಮವನ್ನು ವಿಜ್ಞಾನಿಗಳು ವಿವರಿಸಿದ್ದು ಆಮೇಲೆ.

ತೊಂಬತ್ತರ ದಶಕದ ಕೊನೆಗೆ ನಿಷೇಧ ತೆರವಾಯಿತು. ಬಾರ್ಲಿ ಮರಳಿ ಬಂದರೂ ಜೋಳ ಕಾರ್ಖಾನೆ ಬಿಟ್ಟು ಹೋಗಲಿಲ್ಲ. ನೈಜೀರಿಯಾದ ಗಿನ್ನೆಸ್ ಸ್ಟೌಟ್‌ನಲ್ಲೂ ಜೋಳ ಉಳಿಯಿತು. ಅಲ್ಲಿನ ಉತ್ತರದ ಒಣಭೂಮಿಯ ರೈತನಿಗೆ ಊಟದ ತಟ್ಟೆಯಾಚೆಗೂ ಒಬ್ಬ ಗಿರಾಕಿ ಸಿಕ್ಕಿದ.

ವಿಜಯಪುರ, ಕಲಬುರಗಿಯ ಹೊಲಗಳಲ್ಲಿ ತೂಗುವ ಜೋಳದ ಮೂಲವೂ ಆಫ್ರಿಕಾವೇ. ಕಾಳು ಸಾವಿರಾರು ವರ್ಷಗಳ ಹಿಂದೆಯೇ ನಮ್ಮಲ್ಲಿಗೆ ಬಂತು. ಅದನ್ನು ಪಳಗಿಸಿದ ಆ ಹೆಂಗಸರ ಬುದ್ಧಿಯ ಕತೆ ಮಾತ್ರ ನಮ್ಮವರೆಗೆ ಅಷ್ಟಾಗಿ ಬಂದಿಲ್ಲ.